ಲೇಪ ಉರಿಯುತ್ತದೆ ಎಂದವರು ಯಾರು?

೧

ಮೊದಲ ಕರಡನ್ನು ಯುದ್ಧದ ಟ್ಯಾಂಕಿನಿಂದ ಶುರು ಮಾಡಿ ಹರಿದುಹಾಕಿದೆ. ಟ್ಯಾಂಕು ಕಂಡ ಕೂಡಲೇ ನೀವು ಗೆದ್ದವರು ಯಾರು ಅಂತ ಕೇಳುತ್ತೀರಿ. ಒಟೀಲಿಯಾಳ ಕೈಯಿಂದ ಶುರು ಮಾಡಲೇ? ಹೆದರಿಕೆ ಅಡ್ಡ ಬರುತ್ತಿದೆ. (ಅವಳದೋ ನನ್ನದೋ ಕೇಳಬೇಡಿ.) ಸರಿ, ಹೆದರಿಕೆಯಿಂದಲೇ ಶುರುವಾಗಲಿ.

೨

೧೯೪೪ರ ಆಗಸ್ಟ್. ಫುಲ್ಡಾ ನದಿ ದಂಡೆಯ ನಮ್ಮೂರ ಟ್ಯಾಂಕು ಕಾರ್ಖಾನೆ. ಗಾರೆ ಕೆಲಸದವನ ಮಗಳು ಒಟೀಲಿಯಾ ಹಲ್ಲುಹಲ್ಲಿನ ಅಂಚಿನ ಕರಣೆ ಹಿಡಿದು ಟ್ಯಾಂಕಿನ ಮೈಗೆ ಹಳದಿ ಲೇಪ ಬಳಿಯುತ್ತಿದ್ದಳು. ಶತ್ರು ಓಡಿಬಂದು ಅಂಟಿಸುವ ಅಯಸ್ಕಾಂತದ ಬಾಂಬು ಕಬ್ಬಿಣಕ್ಕೆ ಕಚ್ಚಿಕೊಳ್ಳದಿರಲಿ ಅಂತ. ಪಕ್ಕದಲ್ಲಿ ಪರಾಸ್ಕಾ, ಉಕ್ರೇನಿನಿಂದ ದುಡಿಮೆಗೆಂದು ಹಿಡಿದು ತಂದಿದ್ದ ಹೆಂಗಸು, ಎರಡು ಮಕ್ಕಳ ತಾಯಿ. ಉರಿಯುವ ಕೊಳವೆ ಹಿಡಿದು ಲೇಪ ಒಣಗಿಸುವುದು ಅವಳ ಕೆಲಸ.

ಒಟೀಲಿಯಾಳ ಗಂಡ ವೆಂಡೆಲಿನ್ ಟ್ಯಾಂಕು ಓಡಿಸುವವನು. ರಜೆಗೆ ಬಂದವನು ಆಲೂಗಡ್ಡೆ ಸೂಪಿನ ಚಮಚ ಕೆಳಗಿಟ್ಟ.

"ನೀವು ಬಳಿಯೋ ಆ ಗಾರೆ, ಗುಂಡು ಬಿದ್ರೆ ಹತ್ಕೊಂಡು ಉರಿಯುತ್ತಂತೆ. ನಮ್ಮ ಪಡೇಲಿ ಎಲ್ರೂ ಅಂತಾರೆ."

"ಅಯ್ಯೋ, ನಿನ್ನ ಗಾಡಿಗೆ ನಾನೇ ಬಳಿದಿರ್ಬಹುದು!"

"ಯಾರ ಹತ್ರಾನೂ ಬಾಯಿ ಬಿಡ್ಬೇಡ. ದೇಶದ್ರೋಹ ಅಂತಾರೆ, ತಲೆ ಹೋಗುತ್ತೆ."

ತಡೆಯಲಾರದೆ ಪರಾಸ್ಕಾಳ ಹತ್ತಿರ ಬಾಯಿ ಬಿಟ್ಟಳು.

"ನಿಂಗೇನು ಹುಚ್ಚೇನಕ್ಕಾ? ದಿನಾ ನಾನೇ ಬೆಂಕಿ ಹಿಡೀತೀನಲ್ಲ, ಬರೀ ನಾತ. ಉರಿಯೋ ಹಾಗಿದ್ರೆ ಮೊದ್ಲು ನನ್ನ ಹುಬ್ಬು ಹೋಗ್ತಿತ್ತು."

ಇಬ್ಬರೂ ನಕ್ಕರು. ಯಾರೋ ಕೇಳಿಸಿಕೊಂಡರು.

೩

ಮೇಸ್ತ್ರಿ ಡೋರ್ನ್‌ಬಾಖ್ ಅವಳನ್ನು ಕೋಣೆಗೆ ಕರೆದು ಬಾಗಿಲು ಹಾಕಿದ. ಒಳಗೆ ಇನ್ನೊಬ್ಬ ಕೂತಿದ್ದ, ಗುಪ್ತ ಪೊಲೀಸಿನವನಿರಬೇಕು, ಟೋಪಿ ತೆಗೆದಿರಲಿಲ್ಲ.

"ಲೇಪ ಉರಿಯುತ್ತೆ ಅಂದೋರು ಯಾರಮ್ಮ? ನಿನ್ನ ಗಂಡನಾ?" ಎಂದ ಮೇಸ್ತ್ರಿ.

ಅವಳು ಬೆರಳಿಗೆ ಅಂಟಿದ ಲೇಪ ಕೆರೆಯತೊಡಗಿದಳು.

"ಇಲ್ಲಾ, ಆ ಉಕ್ರೇನಿನವಳೋ?" ಟೋಪಿಯವನು ಮೆಲ್ಲಗೆ, ಸಹಾಯ ಮಾಡುವವನ ಹಾಗೆ ಕೇಳಿದ.

(ನನ್ನ ಕರಡಿನಲ್ಲಿ ಅವಳು "ನಾನೇ ಅಂದೆ" ಎನ್ನುತ್ತಾಳೆ. ಬರೆದು ನಾನೇ ಕಣ್ಣೊರೆಸಿಕೊಂಡಿದ್ದೆ, ನಾಚಿಕೆಗೆಟ್ಟವನು. ಒಟೀಲಿಯಾ ಒಪ್ಪಲಿಲ್ಲ.

"ಹೊಡೆದುಹಾಕಿ ಅದನ್ನ."

"ಓದುಗರು ನಿಮ್ಮನ್ನ ಕ್ಷಮಿಸೋದು ಬೇಡ್ವಾ?"

"ಆ ಕೋಣೇಲಿ ನೀವಿದ್ರಾ? ಹೂಂ ಅಂತ ತಲೆ ಆಡಿಸ್ದೆ. ಹಾಗೇ ಬರೀರಿ.")

ಹೂಂ ಅಂತ ತಲೆ ಆಡಿಸಿದಳು.

೪

ಊಟದ ಗಂಟೆಗೆ ಮುಂಚೆ ಪರಾಸ್ಕಾಳನ್ನು ಕರೆದೊಯ್ದರು. ಏನಾಗುತ್ತಿದೆ ಅಂತ ಅವಳಿಗೆ ತಿಳಿದಿರಲಿಲ್ಲ. "ಅಕ್ಕಾ, ಇದನ್ನ ಆರಿಸ್ಬಿಡು" ಎಂದು ಉರಿಯುತ್ತಿದ್ದ ಕೊಳವೆಯನ್ನು ಒಟೀಲಿಯಾಳ ಕೈಗೇ ಕೊಟ್ಟು ಹೋದಳು.

ವೆಂಡೆಲಿನನನ್ನು ಯಾರೂ ಮುಟ್ಟಲಿಲ್ಲ.

ಎರಡು ವಾರಕ್ಕೆ, ಸೆಪ್ಟೆಂಬರಿನಲ್ಲಿ, ಮೇಸ್ತ್ರಿ ಒಂದು ಆದೇಶ ಓದಿದ: ಇವತ್ತಿನಿಂದ ಲೇಪ ಬಳಿಯುವಂತಿಲ್ಲ. ಉರಿಯುತ್ತದೆಂಬ ಮಾತು ಮೇಲಿನವರ ಕಿವಿಗೂ ಬಿದ್ದು, ಅವರೂ ಹೆದರಿದ್ದರಂತೆ. ಅವರನ್ನು ಯಾರೂ ಕೋಣೆಗೆ ಕರೆಯಲಿಲ್ಲ.

೫

ಮುಕ್ತಾಯ ಒಂದು: ಯುದ್ಧ ಮುಗಿದು ಪರಾಸ್ಕಾ ಮಕ್ಕಳ ಬಳಿ ಸೇರಿದಳು.

ಮುಕ್ತಾಯ ಎರಡು: ಬರೆಯಲು ಕೈ ಬರುತ್ತಿಲ್ಲ.

"ಯಾವುದು ನಿಜ, ಹೇಳಿ" ಅಂತ ಒಟೀಲಿಯಾ ಅಂಗಲಾಚುತ್ತಾಳೆ. ನನಗೆ ಗೊತ್ತಿಲ್ಲ. ಗೊತ್ತಿದ್ದವನಂತೆ ಬರೆದು ಅವಳಿಗೆ ನಿದ್ದೆ ತರಿಸಲಾರೆ.

ಗೊತ್ತಿರುವುದಿಷ್ಟು. ಆದೇಶ ಬಂದ ಮಾರನೆಯ ದಿನ ಪರಾಸ್ಕಾಳ ಜಾಗಕ್ಕೆ ಅವಳ ಸೀಮೆಯವಳೇ ಇನ್ನೊಬ್ಬಳು ಬಂದಳು. ಲೇಪದ ಬದಲು ಈಗ ಬರೀ ಬಣ್ಣ; ಅದರ ಡಬ್ಬಿ ಎತ್ತಿಕೊಳ್ಳುತ್ತ, ಸುತ್ತ ನೋಡಿ, ಪಿಸುಮಾತಿನಲ್ಲಿ ಕೇಳಿದಳು:

"ಅಕ್ಕಾ, ಇಲ್ಲಿ ಯಾರ ಹತ್ರ ಹುಷಾರಾಗಿರ್ಬೇಕು?"

ಒಟೀಲಿಯಾ ಬಾಯಿ ತೆರೆದಳು.