ಮೊಥುಸಿ ಮಾತಾಡಿದ

ಮಾತಿಲ್ಲದ ಮುದುಕರು ಯಾವ ಊರಲ್ಲಿಲ್ಲ? ದಕ್ಷಿಣ ಆಫ್ರಿಕಾದ ಮಾಫಿಕೆಂಗ್ ಹತ್ತಿರದ ಹಳ್ಳಿಯ ಮೊಸಾದಿಗೂ ಅಂಥ ಗಂಡನೇ ಸಿಕ್ಕಿದ್ದ. ರೈಲ್ವೆ ಕೆಲಸದಿಂದ ನಿವೃತ್ತನಾದ ಮೇಲೆ ಮೊಥುಸಿ ಅಂಗಳದ ಮರದಡಿ ಕೂತರೆ ಕೂತ. ಏನು ಕೇಳಿದರೂ "ಹೂಂ", ಇಲ್ಲವೇ "ಊಹೂಂ".

ಪಕ್ಕದ ಮನೆಯ ಕಿಟ್ಸೊ ಊರಿನ ಗ್ರಂಥಾಲಯದಲ್ಲಿ ಪ್ರತಿ ಶನಿವಾರ ಕಥೆ ಓದಿ ಹೇಳುತ್ತಿದ್ದಳು. ಒಂದು ದಿನ ಬೇಲಿಯಾಚೆಯಿಂದ ಮೊಸಾದಿಯನ್ನು ಕರೆದಳು.

"ದೊಡ್ಡಮ್ಮ, ಈ ವಾರ ನೀವೂ ಬನ್ನಿ. ಬಿಳಿಯರ ಆಳ್ವಿಕೆ ಕಾಲದ ಕಥೆ ಓದ್ತೀವಿ."

"ಅನುಭವಿಸಿದ್ದು ಸಾಲ್ದಾ? ಮತ್ತೆ ಕೂತು ಕೇಳಿ ಅಳ್ಬೇಕಾ? ನಂಗೆ ಓದೋಕೂ ಬರಲ್ಲ ಕಣೇ."

"ಓದೋಳು ನಾನು. ನೀವು ಕಿವಿ ತಂದ್ರೆ ಸಾಕು. ಚಹಾನೂ ಇರುತ್ತೆ."

ಚಹಾದ ಆಸೆಗೆ ಮೊಸಾದಿ ಹೋದಳು. ಡಾಕ್ಟರಾಗಬೇಕೆಂದಿದ್ದ ಹುಡುಗಿಯೊಬ್ಬಳ ಕಥೆ ಅದು. ಸಂಜೆ ಗಂಡನಿಗೆ ಜೋಳದ ಗಟ್ಟಿ ಗಂಜಿ, ಸೊಪ್ಪು ಬಡಿಸುತ್ತಾ ಅದನ್ನೇ ಹೇಳಿದಳು.

"ಕರಿಯರ ಹುಡುಗೀಗೆ ಅಷ್ಟೆಲ್ಲ ಓದು ಯಾಕೆ ಅಂತ ಶಾಲೆ ಬಿಡಿಸಿದ್ರಂತೆ. ಕೊನೆಗೆ ಡಾಕ್ಟರ ಮನೇಲೇ ಬಟ್ಟೆ ಒಗೆಯೋಕೆ ಸೇರಿದ್ಳು."

ಮೊಥುಸಿಯ ಕೈ ತಟ್ಟೆಯಲ್ಲೇ ನಿಂತಿತು. "ಆಮೇಲೆ?"

"ಆಮೇಲೇನು? ಒಗೀತಾ ಒಗೀತಾ ಮುದುಕಿಯಾದ್ಳು."

ಮೊಥುಸಿ ತಟ್ಟೆ ಪಕ್ಕಕ್ಕೆ ಸರಿಸಿ ಅಂದ, "ನಂಗೆ ರೈಲು ಓಡಿಸ್ಬೇಕು ಅಂತಿತ್ತು."

ಅವನು ಇಂಜಿನ್ ತೊಳೆಯುವ ಆಳಾಗಿದ್ದ ಕಾಲ. ಯಾರೂ ಇಲ್ಲದಾಗ ಒಮ್ಮೆ, ಬಿಳಿಯರಿಗಷ್ಟೇ ಮೀಸಲಾಗಿದ್ದ ಚಾಲಕನ ಜಾಗದಲ್ಲಿ ಕೂತಿದ್ದನಂತೆ. ಬಿಳಿಯ ಮೇಸ್ತ್ರಿ ಕೊರಳಪಟ್ಟಿ ಹಿಡಿದು ಎಳೆದು, ಅವನು ಕೂತ ಜಾಗವನ್ನು ಎಲ್ಲರೆದುರು ಅವನ ಕೈಯಲ್ಲೇ ಸಾಬೂನು ಹಾಕಿ ತೊಳೆಸಿದನಂತೆ.

ಮೊಸಾದಿ ಅವನ ಹತ್ತಿರ ಸರಿದು ಕೂತಳು. "ಇಷ್ಟು ವರ್ಷ ಸಂಸಾರ ಮಾಡಿದ್ವಿ. ಇದೊಂದು ಮಾತು ನಂಗೆ ಹೇಳ್ಲಿಲ್ವಲ್ಲ."

"ನಗ್ತೀಯ ಅನ್ಕೊಂಡೆ."

"ನಗ್ತಿದ್ದೆ, ನಿಜ. ಆಮೇಲೆ, ನನ್ನನ್ನೂ ಹತ್ತಿಸ್ಕೋ ಅಂತಿದ್ದೆ."

ಮುಂದಿನ ಶನಿವಾರ ಮೊಥುಸಿ ಟೋಪಿ ಹಾಕಿಕೊಂಡು ಹೆಂಡತಿಗಿಂತ ಮೊದಲೇ ಹೊರಟ. ಗ್ರಂಥಾಲಯದಲ್ಲಿ ತನ್ನ ಕಥೆ ಹೇಳಿದ. ಮುಗಿಸುವಷ್ಟರಲ್ಲಿ ಹಿಂದೆ ಕೂತಿದ್ದ ಇನ್ನೊಬ್ಬ ಮುದುಕ, "ನಂದೂ ಒಂದಿದೆ," ಎಂದು ಕುರ್ಚಿ ಮುಂದಕ್ಕೆಳೆದುಕೊಂಡ.

ಮೊಸಾದಿ ಕಿಟ್ಸೊಳ ಕಿವಿಯಲ್ಲಿ ಅಂದಳು, "ಇನ್ನು ನಮ್ಮನೆ ಮುದುಕನ ಬಾಯಿ ಮುಚ್ಚಿಸೋ ಪುಸ್ತಕ ಇದ್ರೆ ಹುಡುಕಿಡೇ." ಅನ್ನುವಾಗ ಅವಳ ಕಣ್ಣು ತುಂಬಿತ್ತು.

ತುಳಿತಕ್ಕೆ ಸಿಕ್ಕಿ ಹೋದ ಕನಸನ್ನು ಯಾವ ಪುಸ್ತಕವೂ ವಾಪಸ್ ತಂದುಕೊಡಲಾರದು. ನುಂಗಿಕೊಂಡಿದ್ದನ್ನು ಆಡುವ ಧೈರ್ಯವನ್ನು ಮಾತ್ರ ಕೊಡುತ್ತದೆ. ಈ ಶನಿವಾರ ನಿಮ್ಮೂರಿನ ಗ್ರಂಥಾಲಯಕ್ಕೆ ಬನ್ನಿ. ಓದಲು ಬಾರದಿದ್ದರೆ ಕೇಳಲು ಬನ್ನಿ. ಮನೆಯ ಹಿರಿಯರನ್ನು ಕೈಹಿಡಿದು ಕರೆತನ್ನಿ. ದಾರಿಯಲ್ಲಿ ಅವರನ್ನು ಕೇಳಿ: ನೀವು ಏನಾಗಬೇಕು ಅಂತಿದ್ದಿರಿ?