ಮುನಿಶಾಮಪ್ಪನ ದಬ್ಬಣ

ಬಂಗಾರಪೇಟೆಯ ಆಸುಪಾಸಿನಲ್ಲಿ ಕರುವಿನ ಮೂಗು ಚುಚ್ಚಿ ಮೂಗುದಾರ ಹಾಕಬೇಕೆಂದರೆ ಮುನಿಶಾಮಪ್ಪನೇ ಬರಬೇಕು. ಕರು ಕಣ್ಣು ಮಿಟುಕಿಸುವಷ್ಟರಲ್ಲಿ ಅವನ ಕೆಲಸ ಮುಗಿದಿರುತ್ತದೆ. ಹಾಗಂತ ಊರಿನವರು ಹೇಳುವುದಕ್ಕಿಂತ ಅವನೇ ಹೇಳಿಕೊಳ್ಳುವುದು ಹೆಚ್ಚು, ಅದು ಬೇರೆ ಮಾತು. ಅವನ ತಾತ ಕೋರಮಂಡಲ್ ಚಿನ್ನದ ಗಣಿಯ ಉಕ್ಕಿನ ತುಂಡಿನಲ್ಲಿ ಮಾಡಿಸಿದ ದಬ್ಬಣವೇ ಅವನ ಆಯುಧ. ಊರಿನ ಕರುಗಳನ್ನೆಲ್ಲ ಒಂದೇ ದಿನ ಸಾಲಾಗಿ ನಿಲ್ಲಿಸಿ, ದಬ್ಬಣವನ್ನು ಪಂಚೆಗೆ ಒರೆಸಿಕೊಳ್ಳುತ್ತಾ ಚುಚ್ಚುತ್ತಾ ಹೋಗುವುದು ಅವರ ಮನೆತನದ ಪದ್ಧತಿ. ಮೊದಲು ಊರಿನವು, ಕಡೆಗೆ ತನ್ನ ಮನೆಯವು. ಆ ಮರ್ಯಾದೆಯನ್ನು ಅವನು ಎಂದೂ ತಪ್ಪಿಸಿದವನಲ್ಲ.

ದನದ ಡಾಕ್ಟರ್ ರಾಧಾಮಣಿ ಊರಿನ ಹಸುಗಳ ರಕ್ತ ತೆಗೆಯಲು ಬಂದರು. ಒಂದೊಂದು ಹಸುವಿಗೂ ಹೊಸ ಸೂಜಿ ಬಿಚ್ಚುವುದನ್ನು ಕಂಡು ಮುನಿಶಾಮಪ್ಪನಿಗೆ ನಗು ತಡೆಯಲಾಗಲಿಲ್ಲ.

"ಏನ್ ಡಾಕ್ಟ್ರಮ್ಮ, ಸೂಜಿ ಅಂಗಡಿ ಇಕ್ಕೀರಾ? ನಂದು ಒಂದೇ ದಬ್ಬಣ, ತಾತನ ಕಾಲದಿಂದ ನಡೀತೈತೆ."

"ಲ್ಯುಕೋಸಿಸ್ ಅಂತ ರಕ್ತದ ಕಾಯಿಲೆ ಇದೆ ಯಜಮಾನ್ರೇ. ವರ್ಷಗಟ್ಟಲೆ ಗೊತ್ತೇ ಆಗಲ್ಲ. ಆಮೇಲೆ ಕೆಲವಕ್ಕೆ ಗಡ್ಡೆ ಎದ್ದು, ಸೊರಗಿ ಸಾಯ್ತವೆ. ಔಷಧಿ ಇಲ್ಲ. ಒಂದರ ರಕ್ತ ಇನ್ನೊಂದಕ್ಕೆ ಸೇರದ ಹಾಗೆ ನೋಡ್ಕೋಬೇಕು."

ಫಲಿತಾಂಶ ಬಂತು. ಊರಿನಲ್ಲಿ ಅಲ್ಲೊಂದು ಇಲ್ಲೊಂದು ಹಸುವಿಗೆ ಕಾಯಿಲೆ. ಮುನಿಶಾಮಪ್ಪನ ಕೊಟ್ಟಿಗೆಯಲ್ಲಿ ಮಾತ್ರ ಎಲ್ಲಕ್ಕೂ. ಉಳಿದದ್ದು ಕೆಂಪಿ ಹಸುವಿನ ಕರು ಸಿಂಗಾರಿ ಒಂದೇ.

"ತಾಯಿಗಿದೆ, ಮಗಳಿಗಿಲ್ಲ," ರಾಧಾಮಣಿ ಯೋಚಿಸುತ್ತಾ ಕೇಳಿದರು. "ಮೇವು ನೀರು ಎಲ್ಲ ಒಂದೇ. ಅವಕ್ಕೆಲ್ಲ ಮಾಡಿ ಇದಕ್ಕೆ ಮಾಡದೇ ಇರೋದು ಏನಾದ್ರೂ ಇದೆಯಾ?"

"ಇದುಕ್ಕಿನ್ನೂ ಮೂಗು ಚುಚ್ಚಿಲ್ಲ," ಅಂದಳು ಮುನಿಶಾಮಪ್ಪನ ಹೆಂಡತಿ ಸೊಣ್ಣಮ್ಮ.

ಮುನಿಶಾಮಪ್ಪ ಇಂಗು ತಿಂದ ಮಂಗನಂತಾದ. ಊರಿನ ಕರುಗಳ ರಕ್ತವನ್ನೆಲ್ಲ ಹೊತ್ತ ದಬ್ಬಣ ಕಡೆಗೆ ಇಳಿಯುತ್ತಿದ್ದುದು ಅವನ ಮನೆಯ ಕರುವಿಗೇ. ಮರ್ಯಾದೆ ಮರ್ಯಾದೆ ಅಂತ ತನ್ನ ಕೊಟ್ಟಿಗೆಗೆ ತಾನೇ ಬೆಂಕಿ ಇಟ್ಟುಕೊಂಡಿದ್ದ. ಆದರೆ ತಲೆ ಮೇಲೆ ಕೈಹೊತ್ತು ಕೂರುವ ಜಾಯಮಾನ ಅವನದಲ್ಲ. ಮರುದಿನವೇ ಬಂಗಾರಪೇಟೆಯ ಕಮ್ಮಾರನ ಹತ್ತಿರ ಕುಳಿತು, ಕರುವಿಗೊಂದರಂತೆ ದಬ್ಬಣ ಮಾಡಿಸಿಕೊಂಡು ಬಂದ.

ಚುಚ್ಚುವ ದಿನ ಊರಿನವರು ಕರುಗಳನ್ನು ಹಿಡಿದು ದೂರದಲ್ಲೇ ನಿಂತರು. ಯಾರಿಗೂ ಮುಂದೆ ಬರಲು ಧೈರ್ಯವಿಲ್ಲ. ಅಂಗಳದ ಒಲೆಯ ಮೇಲೆ ಹಂಡೆಯಲ್ಲಿ ದಬ್ಬಣಗಳು ಕುದಿಯುತ್ತಿದ್ದವು.

"ಸಿಂಗಾರಿನ ಮೊದ್ಲು ನಿಲ್ಸು," ಸೊಣ್ಣಮ್ಮ ಗಂಡನ ಕಿವಿಯಲ್ಲಿ ಅಂದಳು. "ಉಳ್ದಿರೋದು ಅದೊಂದೇ."

"ಕಡೇಗೇ ನಿಲ್ಸೇ." ಮುನಿಶಾಮಪ್ಪ ಎಲ್ಲರಿಗೂ ಕೇಳುವಂತೆ ಗಟ್ಟಿಯಾಗೇ ಹೇಳಿದ. "ಎಲ್ರದೂ ಆದ್ಮೇಲೆ ನಮ್ದು. ನನ್ ಕೆಲ್ಸ ನಾನೇ ನಂಬ್ದಿದ್ರೆ ಊರೋರು ಯಾಕ್ ನಂಬ್ತಾರೆ?"

ಕರುಗಳು ಒಂದೊಂದಾಗಿ ಮುಂದೆ ಬಂದವು. ಒಂದಕ್ಕೆ ಬಳಸಿದ ದಬ್ಬಣ ಇನ್ನೊಂದಕ್ಕಿಲ್ಲ, ನಡುನಡುವೆ ಸೋಪು ಹಚ್ಚಿ ಕೈ ತೊಳೆದ. ಕಡೆಗೆ ಸಿಂಗಾರಿ. ಹಂಡೆಯಲ್ಲಿ ಉಳಿದಿದ್ದ ಕೊನೆಯ ದಬ್ಬಣ ತೆಗೆದು, ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಚುಚ್ಚಿದ.

ಕೆಲವು ತಿಂಗಳು ಬಿಟ್ಟು ರಾಧಾಮಣಿ ಮತ್ತೆ ರಕ್ತ ತೆಗೆದರು. ಆಮೇಲೆ ಒಂದು ಬೆಳಿಗ್ಗೆ ಫೋನ್ ಮಾಡಿದರು. ಆ ದಿನ ಚುಚ್ಚಿದ ಕರುಗಳಲ್ಲಿ ಒಂದಕ್ಕೂ ಕಾಯಿಲೆ ಅಂಟಿಲ್ಲ, ಸಿಂಗಾರಿಗೂ ಇಲ್ಲ.

"ನಾನ್ ಯೋಳಿರ್ಲಿಲ್ವೇನೇ!" ಮುನಿಶಾಮಪ್ಪ ಕೂಗಿದ್ದು ಬೀದಿಗೆಲ್ಲ ಕೇಳಿಸಿತು. ಸೊಣ್ಣಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು ನಕ್ಕಳು.

ಆಮೇಲೆ ಅವನು ಕೊಟ್ಟಿಗೆಯ ಆಚೆ, ಕಾಯಿಲೆಯ ಹಸುಗಳನ್ನು ಬೇರೆ ಕಟ್ಟಿದ್ದ ಚಪ್ಪರಕ್ಕೆ ಹೋದ. ಕೆಂಪಿ ಮೆಲುಕು ಹಾಕುತ್ತಾ ಮೂತಿಯನ್ನು ಅವನ ಅಂಗೈಗೆ ತಂದಿಟ್ಟಳು. ಮುನಿಶಾಮಪ್ಪ ಹುಟ್ಟಿದಾರಭ್ಯ ಯಾರ ಮುಂದೆಯೂ ಸೋತು ಮಾತಾಡಿದವನಲ್ಲ.

"ನಿನ್ ಮಗ್ಳು ಉಳ್ಕೊಂಡ್ಲು ಕಣವ್ವ," ಅಂದ. "ನಿಂಗೆ ಮಾತ್ರ ತೆಪ್ಪು ಮಾಡ್ಬಿಟ್ಟೆ."