ಗೋಲ್‌ಕೀಪರ್ ಮ್ಯೂರಿಯಲ್ ಕೊಂಡ ಅಗ್ಗದ ಟಿಕೆಟ್

ಇಂಗ್ಲೆಂಡಿನ ಗ್ರಿಮ್ಸ್‌ಬಿ ಊರಿನ ನಮ್ಮ ತಂಡದಲ್ಲಿರುವ ಎಂಟೂ ಜನ ಅರವತ್ತು ದಾಟಿದ ಹೆಂಗಸರು. ನಾವು ಆಡುವುದು ನಡಿಗೆ ಫುಟ್‌ಬಾಲ್. ಓಡಿದರೆ ತಪ್ಪು, ನಡೆದುಕೊಂಡೇ ಚೆಂಡು ಒದೆಯಬೇಕು. ಕಳೆದ ವರ್ಷ ಪೋರ್ಚುಗಲ್‌ನ ಫಾರೊದಲ್ಲಿ ನಡೆಯುವ ಪಂದ್ಯಾವಳಿಗೆ ನಮಗೆ ಕರೆ ಬಂತು. ಕರೆ ಬಂದದ್ದೇ ತಡ, ವಿಮಾನದ ಟಿಕೆಟ್ ಎಲ್ಲಿ ಕೊಳ್ಳುವುದು ಅಂತ ಜಗಳ ಶುರುವಾಯಿತು.

ನಮ್ಮ ನಾಯಕಿ ಗ್ಲೆಂಡಾ ವಾರಕ್ಕೆರಡು ದಿನ ಊರಿನ ಉಚಿತ ಸಲಹಾ ಕೇಂದ್ರದಲ್ಲಿ ಕೂರುತ್ತಾಳೆ. ಅವಳು ಹೇಳಿದಳು: "ವಿಮಾನ, ಹೋಟೆಲ್ ಎರಡನ್ನೂ ಪ್ರವಾಸ ಕಂಪನಿಯಿಂದ ಒಟ್ಟಿಗೆ ತಗೊಳ್ಳೋಣ. ಅಟಾಲ್ ಅಂತ ಒಂದು ಸರ್ಟಿಫಿಕೇಟ್ ಕೊಡ್ತಾರೆ. ಅದಿದ್ರೆ ವಿಮಾನ ಕಂಪನಿ ಮುಳುಗಿದ್ರೂ ನಮ್ಮನ್ನ ನಡುನೀರಲ್ಲಿ ಬಿಡೋ ಹಾಗಿಲ್ಲ."

ಮ್ಯೂರಿಯಲ್ ನಮ್ಮ ಗೋಲ್‌ಕೀಪರ್. ಮೂವತ್ತು ವರ್ಷ ಮೀನಿನ ಕಾರ್ಖಾನೆಯಲ್ಲಿ ದುಡಿದವಳು. "ವಿಮಾನ ಕಂಪನಿ ಮುಳುಗುತ್ತಂತೆ. ಅದೇನು ದೋಣಿನಾ?" ಅಂತ ನಕ್ಕಳು. "ಬರೀ ಟಿಕೆಟ್ ನೂರಾ ನಲವತ್ತು ಪೌಂಡಿಗೆ ಸಿಗ್ತಿದೆ. ಹೋಟೆಲ್ ನಾನೇ ನೋಡ್ಕೋತೀನಿ. ನಿಮ್ಮೆಲ್ಲರಿಗಿಂತ ಎಂಬತ್ತು ಪೌಂಡ್ ಉಳಿಯುತ್ತೆ."

"ಆಯ್ತು ಮಾರಾಯ್ತಿ, ಕ್ರೆಡಿಟ್ ಕಾರ್ಡಲ್ಲಾದ್ರೂ ಕಟ್ಟು. ನೂರು ಪೌಂಡ್ ದಾಟಿದ ಟಿಕೆಟ್ಟಿನ ದುಡ್ಡಿಗೆ ಕಾರ್ಡಿನವರೂ ಹೊಣೆ ಆಗಿರ್ತಾರೆ," ಅಂದಳು ಗ್ಲೆಂಡಾ.

"ಸಾಲದ ಕಾರ್ಡ್ ನಮ್ಮಮ್ಮ ಮುಟ್ಟಲಿಲ್ಲ, ನಾನೂ ಮುಟ್ಟಲ್ಲ."

ಹಾಗಂದವಳೇ ಬ್ಯಾಂಕಿನ ಡೆಬಿಟ್ ಕಾರ್ಡಿನಿಂದ ಕಟ್ಟಿಬಿಟ್ಟಳು. ಉಳಿದ ಏಳು ಜನ ಗ್ಲೆಂಡಾ ಮಾತು ಕೇಳಿದೆವು. ವಿಮಾನ ಮಾತ್ರ ಎಲ್ಲರದೂ ಒಂದೇ.

ಹೊರಡಲು ನಾಲ್ಕು ದಿನ ಇದೆ ಅನ್ನುವಾಗ ಬೆಳಗಿನ ಸುದ್ದಿಯಲ್ಲಿ ಬಂತು: ಆ ವಿಮಾನ ಕಂಪನಿ ದಿವಾಳಿ, ಎಲ್ಲ ಹಾರಾಟ ಬಂದ್. ನನ್ನ ಕೈಯಲ್ಲಿದ್ದ ಟೋಸ್ಟ್ ಹಾಗೇ ತಣ್ಣಗಾಯಿತು. ಆದರೆ ಮಧ್ಯಾಹ್ನದೊಳಗೆ ನಮ್ಮ ಪ್ರವಾಸ ಕಂಪನಿಯಿಂದಲೇ ಫೋನ್ ಬಂತು. ಅದೇ ದಿನಕ್ಕೆ ಬೇರೆ ವಿಮಾನ ಹಿಡಿದಿದ್ದರು. ಒಂದು ಪೆನ್ನಿಯೂ ಹೆಚ್ಚು ಕೇಳಲಿಲ್ಲ.

ಮ್ಯೂರಿಯಲ್‌ಗೆ ಯಾರೂ ಫೋನ್ ಮಾಡಲಿಲ್ಲ. ಮಾಡಲು ಅಲ್ಲಿ ಯಾರೂ ಉಳಿದಿರಲಿಲ್ಲ. ಅಂದು ಅಭ್ಯಾಸದ ಹೊತ್ತಿಗೆ ಮೈದಾನಕ್ಕೆ ಬಂದವಳು ಕೈಗವಸು ಕೂಡ ಹಾಕದೆ ಬೆಂಚಿನ ಮೇಲೆ ಕೂತಳು.

"ಬೇರೆ ಕೀಪರ್ ನೋಡ್ಕೊಳ್ಳಿ. ಬೇರೆ ಕಂಪನೀಲಿ ನಿನ್ನೆ ನೂರೈವತ್ತಿದ್ದ ಟಿಕೆಟ್ ಇವತ್ತು ನಾನೂರಂತೆ. ಒಂದೇ ದಿನದಲ್ಲಿ ವಿಮಾನಕ್ಕೆ ಚಿನ್ನದ ರೆಕ್ಕೆ ಬಂತಾ?"

ಗ್ಲೆಂಡಾ ಅವಳ ಪಕ್ಕ ಕೂತಳು. "ಬೀದೀಲಿ ಇರೋದೇ ಎರಡಂಗಡಿ, ಅದರಲ್ಲಿ ಒಂದು ಬಾಗಿಲು ಹಾಕಿದ್ರೆ ಉಳಿದವನು ಹೇಳಿದ್ದೇ ರೇಟು. ರೇಟು ಏರೋದಷ್ಟೇ ಅಲ್ಲ ಕಣೇ, ಗಿರಾಕಿಗೆ ಕೊಡೋ ಮರ್ಯಾದೆನೂ ಇಳಿಯುತ್ತೆ. ಚೀಲಕ್ಕೆ ಬೇರೆ ದುಡ್ಡು, ಕೇಳೋಕೆ ಫೋನ್ ಮಾಡಿದ್ರೆ ಎತ್ತೋರಿಲ್ಲ. ಗಿರಾಕಿ ಬೇರೆ ಎಲ್ಲಿಗೆ ಹೋಗ್ತಾಳೆ ಅನ್ನೋ ಧೈರ್ಯ ಅವರಿಗೆ."

"ನಾನು ಹೇಳಿರಲಿಲ್ವಾ ಅಂತ ಈಗ ಶುರು ಮಾಡ್ತೀಯಲ್ಲ?"

"ಅದಕ್ಕೆ ಆಮೇಲೆ ಪುರುಸೊತ್ತು ಮಾಡ್ಕೋತೀನಿ. ಈಗ ಫೋನ್ ತೆಗಿ. ಒಂದು ಕಂಪನಿ ಮುಳುಗಿದಾಗ ಕೆಲವು ಕಂಪನಿಗಳು ಅದರ ಪ್ರಯಾಣಿಕರಿಗೆ ಕಡಿಮೆ ದರದಲ್ಲಿ ಸೀಟು ಕೊಡೋದುಂಟು. ಕೇಳಿದವರಿಗೆ ಸಿಗುತ್ತೆ."

ಮ್ಯೂರಿಯಲ್ ಕೇಳಿದಳು. ಮೊದಲ ಕಂಪನಿ ಇಲ್ಲ ಅಂತು. ಎರಡನೆಯದು ಫೋನನ್ನೇ ಎತ್ತಲಿಲ್ಲ. ಮೂರನೆಯದು ಒಂದು ಗಂಟೆ ಹಾಡು ಕೇಳಿಸಿ, ಕೊನೆಗೆ ಹಳೇ ಟಿಕೆಟ್ಟಿನ ನಂಬರ್ ತೆಗೆದುಕೊಂಡು ನೂರಾ ಹತ್ತು ಪೌಂಡಿಗೆ ಸೀಟು ಕೊಟ್ಟಿತು. ಅವಳು ತಕ್ಷಣ ಕೈಗವಸು ಏರಿಸಿ ಗೋಲಿನ ಮುಂದೆ ಹೋಗಿ ನಿಂತಳು. ಅಂದು ನಮಗೆ ಒಂದೇ ಒಂದು ಗೋಲು ಹೊಡೆಯಲೂ ಬಿಡಲಿಲ್ಲ.

ಹೋದ ದುಡ್ಡಿಗಾಗಿ ಅವಳು ಬ್ಯಾಂಕಿಗೂ ಅರ್ಜಿ ಬರೆದಳು. "ಡೆಬಿಟ್ ಕಾರ್ಡಾದ್ರೆ ವಾಪಸ್ ಕೊಡಲೇಬೇಕು ಅನ್ನೋ ಕಾನೂನಿಲ್ಲ. ಆದ್ರೆ ತಡ ಮಾಡದೆ ಕೇಳಿದ್ರೆ ಬರೋದುಂಟು," ಅಂತ ಗ್ಲೆಂಡಾ ಪಕ್ಕದಲ್ಲೇ ಕೂತು ಬರೆಸಿದಳು.

ಫಾರೊದ ಅಂತಿಮ ಪಂದ್ಯದಲ್ಲಿ ಡಚ್ ಹೆಂಗಸರು ನಮ್ಮೆದುರಾಳಿಗಳು. ಒಬ್ಬೊಬ್ಬರೂ ನಮಗಿಂತ ಒಂದು ಗೇಣು ಎತ್ತರ. ಆಟ ಒಂದು-ಒಂದಕ್ಕೆ ನಿಂತು ಪೆನಾಲ್ಟಿಗೆ ಹೋಯಿತು. ಅವರ ಕೊನೆಯ ಒದೆತ ಎಡ ಮೂಲೆಗೆ ಬಂತು. ಮ್ಯೂರಿಯಲ್, ಅರವತ್ತೇಳರ ಮ್ಯೂರಿಯಲ್, ಎರಡೂ ಮಂಡಿ ಊರಿ ಬಿದ್ದು ಚೆಂಡನ್ನು ಬೆರಳ ತುದಿಯಿಂದ ಆಚೆ ತಳ್ಳಿದಳು. ಕಪ್ ನಮ್ಮದಾಯಿತು. ಅವಳನ್ನು ಎತ್ತಿ ನಿಲ್ಲಿಸಲು ನಾಲ್ಕು ಜನ ಬೇಕಾಯಿತು. ನಗುತ್ತಿದ್ದಳೋ ಅಳುತ್ತಿದ್ದಳೋ ಅವಳಿಗೇ ತಿಳಿದಿರಲಿಲ್ಲ.

ಆರು ವಾರದ ನಂತರ ಬ್ಯಾಂಕಿನಿಂದ ದುಡ್ಡೂ ಬಂತು. ಈಗ ಯಾರಾದರೂ ಅಗ್ಗದ ಟಿಕೆಟ್ ಅಂದರೆ ಸಾಕು, ಗ್ಲೆಂಡಾಗಿಂತ ಮೊದಲು ಮ್ಯೂರಿಯಲ್ಲೇ ಬಾಯಿ ಹಾಕುತ್ತಾಳೆ: "ಅಟಾಲ್ ಕಾಗದ ಎಲ್ಲಿ? ಮೊದಲು ಅದನ್ನ ತೋರ್ಸು."

ನೀವೂ ಎಲ್ಲಿಗೋ ಹೊರಟಿದ್ದೀರಾ? ಮಗಳ ಬಾಣಂತನಕ್ಕಿರಲಿ, ಗೆಳತಿಯ ಮದುವೆಗಿರಲಿ, ದುಡ್ಡು ಕಟ್ಟುವ ಮೊದಲು ಒಂದು ಪ್ರಶ್ನೆ ಕೇಳಿ: ಈ ಕಂಪನಿ ನಾಳೆ ಬಾಗಿಲು ಹಾಕಿದರೆ ನನ್ನನ್ನು ಕರೆದೊಯ್ಯುವವರು ಯಾರು? ಉತ್ತರವನ್ನು ಕಾಗದದ ಮೇಲೆ ಬರೆಸಿಕೊಳ್ಳಿ. ಆಗಲೇ ದುಡ್ಡು ಕಳೆದುಕೊಂಡಿದ್ದರೂ ಸುಮ್ಮನೆ ಕೂರಬೇಡಿ. ಬ್ಯಾಂಕನ್ನೂ ಬೇರೆ ವಿಮಾನ ಕಂಪನಿಗಳನ್ನೂ ಇವತ್ತೇ ಕೇಳಿ, ಕೇಳುತ್ತಲೇ ಇರಿ.